ಟೈಮಿಂಗ್ ಬೆಲ್ಟ್ ತುಂಡಾದರೆ ಗಾಡಿ ತಳ್ಳಬೇಡಿ

ಸ್ಟಾರ್ಟ್ ಆಗದ ಗಾಡಿಯನ್ನು ಇಳಿಜಾರಿಗೆ ಬಿಟ್ಟು, ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಡುವುದು ಮಲೆನಾಡಿನಲ್ಲಿ ಎಲ್ಲರಿಗೂ ಗೊತ್ತಿರುವ ಉಪಾಯ. ಬ್ಯಾಟರಿ ಇಳಿದಿದ್ದರೆ ಅದು ಸರಿಯೇ. ಆದರೆ ಚೆನ್ನಾಗಿ ಓಡುತ್ತಿದ್ದ ಹಳೆಯ ಕಾರು ಒಮ್ಮೆಲೇ ಇಂಜಿನ್ ಆರಿ ನಿಂತರೆ ಬೆಳೆಗಾರ ಬಾಂಧವರು ಈ ಉಪಾಯಕ್ಕೆ ಕೈಹಾಕಬಾರದು. ಟೈಮಿಂಗ್ ಬೆಲ್ಟ್ ತುಂಡಾಗಿದ್ದರೆ, ಅಲ್ಲಿಯವರೆಗೆ ಉಳಿದಿದ್ದ ವಾಲ್ವುಗಳೂ ತಳ್ಳಿದ್ದರಿಂದ ಹಾಳಾಗಬಹುದು.

ಅಂಬಾಸಿಡರ್, ಪದ್ಮಿನಿಗಳ ಇಂಜಿನ್ನಿನಲ್ಲಿ ಈ ಕೆಲಸಕ್ಕೆ ಚೈನ್ ಇತ್ತು. 1983ರಲ್ಲಿ ಬಂದ ಮಾರುತಿ 800, 1998ರ ಟಾಟಾ ಇಂಡಿಕಾ ಡೀಸೆಲ್ ಮೊದಲಾದವುಗಳಲ್ಲಿ ಇರುವುದು ಹಲ್ಲುಗಳುಳ್ಳ ರಬ್ಬರ್ ಬೆಲ್ಟ್. ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಶಾಫ್ಟ್ ಒಂದು ಸುತ್ತು ತಿರುಗಿ, ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಇದು ನೋಡಿಕೊಳ್ಳುತ್ತದೆ. ಬೆಲ್ಟ್ ತುಂಡಾದೊಡನೆ ಕ್ಯಾಮ್ ನಿಲ್ಲುತ್ತದೆ. ಕೆಲವು ವಾಲ್ವುಗಳು ತೆರೆದೇ ಉಳಿಯುತ್ತವೆ. ಗಾಡಿ ಉರುಳುತ್ತಿದ್ದರೆ ಪಿಸ್ಟನ್ನುಗಳು ಮಾತ್ರ ಮೇಲೆ ಕೆಳಗೆ ಓಡುತ್ತಲೇ ಇರುತ್ತವೆ. ಕೆಲವು ಪೆಟ್ರೋಲ್ ಇಂಜಿನ್ನುಗಳಲ್ಲಿ ಇವೆರಡರ ನಡುವೆ ಸಾಕಷ್ಟು ಜಾಗ ಇರುತ್ತದೆ. ಹೊಸ ಬೆಲ್ಟ್ ಹಾಕಿದರೆ ಕೆಲಸ ಮುಗಿಯಿತು. ಡೀಸೆಲ್ಲಿನಲ್ಲಿ ಆ ಜಾಗ ಇಲ್ಲವೆಂದೇ ತಿಳಿಯಿರಿ. ಪಿಸ್ಟನ್ ಬಡಿದು ವಾಲ್ವ್ ಬಾಗುತ್ತದೆ, ಹೆಡ್ ಬಿಚ್ಚಬೇಕಾಗುತ್ತದೆ.

ಘಾಟಿಯಲ್ಲಿ ಹೀಗಾದರೆ ಗಾಡಿ ನಿಲ್ಲಿಸುವುದೇ ಮೊದಲ ಕೆಲಸ. ಇಂಜಿನ್ನಿನ ಚಿಂತೆ ಆಮೇಲೆ. ಇಂಜಿನ್ ಆರಿದ ಮೇಲೆ ಬ್ರೇಕ್ ಬೂಸ್ಟರ್ ಒಂದೆರಡು ತುಳಿತಕ್ಕಷ್ಟೇ ಸಾಲುತ್ತದೆ, ಅನಂತರ ಪೆಡಲ್ ಬಹಳ ಗಟ್ಟಿಯಾಗುತ್ತದೆ. ಆದ್ದರಿಂದ ಬ್ರೇಕನ್ನು ಬಿಟ್ಟು ಬಿಟ್ಟು ತುಳಿಯದೆ ಒಂದೇ ಸಮನೆ ಒತ್ತಿ ರಸ್ತೆಯ ಪಕ್ಕಕ್ಕೆ ತನ್ನಿ. ಪೂರ್ತಿ ನಿಲ್ಲುವ ತನಕ ಕೀ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆದೀತು. ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ.

ಸೆಲ್ಫ್ ಹೊಡೆದಾಗ ಇಂಜಿನ್ ಎಂದಿಗಿಂತ ಹಗುರವಾಗಿ, ಬೇಗ ಬೇಗ ತಿರುಗಿ, ಹತ್ತಿಕೊಳ್ಳದಿದ್ದರೆ ಬೆಲ್ಟಿನ ಮೇಲೆ ಅನುಮಾನ ಪಡಬೇಕು. ಎರಡನೇ ಸಲ ಹೊಡೆಯಬೇಡಿ. ಬೆಲ್ಟಿನ ಮೇಲ್ಕವಚ ಸಡಿಲಿಸಿ ಇಣುಕಿದರೆ ಸಂಗತಿ ತಿಳಿಯುತ್ತದೆ. ಗಾಡಿಯನ್ನು ನ್ಯೂಟ್ರಲ್ಲಿನಲ್ಲಿಟ್ಟೇ ಎಳೆಸಿಕೊಂಡು ಹೋಗಬೇಕು.

ವರ್ಕ್‌ಶಾಪಿನಲ್ಲಿ ಬರಿಯ ಬೆಲ್ಟ್ ಹಾಕಿಸಿ ಬರುವುದು ಜಾಣತನವಲ್ಲ. ಸೀಲಿನಿಂದ ಆಯಿಲ್ ಸೋರಿ ಬೆಲ್ಟ್ ಮೆತ್ತಗಾಗಿತ್ತೆ, ಟೆನ್ಷನರ್ ಬೇರಿಂಗ್ ಹಿಡಿದಿತ್ತೆ ಎಂದು ವಿಚಾರಿಸಿ. ಆ ದೋಷ ಉಳಿದರೆ ಹೊಸ ಬೆಲ್ಟೂ ಬಾಳುವುದಿಲ್ಲ. ಗುರುತುಗಳನ್ನು ಕೂಡಿಸಿದ ಮೇಲೆ ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಕೈಯಲ್ಲೇ ಎರಡು ಸುತ್ತು ತಿರುಗಿಸಿ ನೋಡಲು ಹೇಳಿ. ಎಲ್ಲಾದರೂ ತಡೆದರೆ ಬಲವಂತ ಮಾಡಕೂಡದು. ಸ್ಟಾರ್ಟ್ ಮಾಡುವ ಮೊದಲು ಕಂಪ್ರೆಶನ್ ಅಳೆಸುವುದು ಒಳ್ಳೆಯದು. ಬಾಗಿದ ವಾಲ್ವ್ ಅಲ್ಲಿ ಗೊತ್ತಾಗುತ್ತದೆ.

ತೋಟದ ಮನೆಯ ಕಾರುಗಳು ಹೆಚ್ಚು ಓಡುವುದಿಲ್ಲ. ಸಂತೆಗೆ, ಸೊಸೈಟಿಗೆ, ಒಂದೆರಡು ಮದುವೆಗೆ ಹೋಗಿಬಂದರೆ ವರ್ಷ ಮುಗಿಯುತ್ತದೆ. ಹೀಗಾಗಿ ಮೀಟರಿನ ಅಂಕಿಯನ್ನೇ ನೆಚ್ಚಿ ಕೂರುವವರು ನಮ್ಮಲ್ಲಿ ಅನೇಕರು. ನಿಂತ ಗಾಡಿಯಲ್ಲೂ ರಬ್ಬರ್ ಹಳತಾಗುತ್ತದೆ. ಗಾಡಿಯ ಪುಸ್ತಕದಲ್ಲಿ ಹೇಳಿದ ಕಿಲೋಮೀಟರ್, ವರ್ಷ ಎರಡರಲ್ಲಿ ಯಾವುದು ಮೊದಲು ಬಂದರೂ ಬೆಲ್ಟ್ ಬದಲಾಯಿಸಬೇಕು. ಸೆಕೆಂಡ್ ಹ್ಯಾಂಡ್ ಕೊಂಡ ಗಾಡಿಯಾದರೆ, ಹಿಂದಿನವರ ಬಿಲ್ಲು ಕೈಯಲ್ಲಿಲ್ಲದಿದ್ದಲ್ಲಿ ಕೂಡಲೇ ಬದಲಾಯಿಸಿ, ತಾರೀಕನ್ನೂ ಮೀಟರಿನ ಅಂಕಿಯನ್ನೂ ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಬದಿಗೆ ಅಂಟಿಸಿಡಿ.