ಡಿಎಚ್‌ಟಿ11 ಸಂವೇದಕದ ಅಳತೆಗಳ ಪ್ರದರ್ಶನ

ಡಿಎಚ್‌ಟಿ11 ಎಂಬುದು ಗಾಳಿಯ ಉಷ್ಣತೆ ಹಾಗೂ ಸಾಪೇಕ್ಷ ಆರ್ದ್ರತೆಯನ್ನು ಅಳೆಯುವ ಅಗ್ಗದ ಸಂವೇದಕ. ಇದನ್ನು ಆರ್ಡುಯಿನೊದಂತಹ ಮೈಕ್ರೋಕಂಟ್ರೋಲರ್‌ಗೆ ಜೋಡಿಸಿ ಅಳತೆಗಳನ್ನು ಎಲ್‌ಸಿಡಿ ಪರದೆಯ ಮೇಲೆ ತೋರಿಸಬಹುದು.

ಕಾರ್ಯವಿಧಾನ

ಸಂವೇದಕವು ಒಂದೇ ತಂತಿಯ ಮೂಲಕ 40 ಬಿಟ್‌ಗಳನ್ನು, ಅಂದರೆ 5 ಬೈಟ್‌ಗಳನ್ನು ಕಳುಹಿಸುತ್ತದೆ. ಮೊದಲ ಎರಡು ಬೈಟ್‌ಗಳು ಆರ್ದ್ರತೆಯನ್ನೂ ನಂತರದ ಎರಡು ಉಷ್ಣತೆಯನ್ನೂ ಸೂಚಿಸುತ್ತವೆ. ಕೊನೆಯದು ತಾಳೆ ನೋಡುವುದಕ್ಕಾಗಿ ಇದೆ. ಮೊದಲ ನಾಲ್ಕರ ಮೊತ್ತದ ಕೊನೆಯ 8 ಬಿಟ್‌ಗಳು ಇದಕ್ಕೆ ಹೊಂದದಿದ್ದರೆ ಆ ಅಳತೆಯನ್ನು ಕೈಬಿಡಬೇಕು.

ನಿಖರತೆ

ತಾಳೆಯಾದ ಮಾತ್ರಕ್ಕೆ ಅಳತೆಯು ನಿಖರವೆಂದು ಹೇಳಲಾಗದು. ಉಷ್ಣತೆಯಲ್ಲಿ ಸುಮಾರು 2 ಡಿಗ್ರಿ ಸೆಲ್ಸಿಯಸ್‌ವರೆಗೆ ಹೆಚ್ಚುಕಡಿಮೆ ಇರಬಹುದು. ಪರದೆಯು 27 ಡಿಗ್ರಿ ಎಂದು ತೋರಿಸಿದಾಗ ನಿಜವಾದ ಉಷ್ಣತೆಯು 25ರಿಂದ 29ರ ನಡುವೆ ಎಲ್ಲಿಯಾದರೂ ಇರಬಹುದು. ಆದ್ದರಿಂದ ದಶಮಾಂಶ ಅಂಕಿಗಳನ್ನು ತೋರಿಸಿದರೂ ನಿಖರತೆ ಹೆಚ್ಚುವುದಿಲ್ಲ.