ನಾಡಿಮಿಡಿತ: ಸಂಖ್ಯೆಯಷ್ಟೇ ಲಯವೂ ಮುಖ್ಯ

ನಮ್ಮ ಹಿರಿಯರು ಮೈ ಬಿಸಿಯಾದರೆ ಹಣೆ ಮುಟ್ಟಿ ನೋಡುತ್ತಿದ್ದರು. ಬಳಿಕ ಕೈ ಹಿಡಿದು ನಾಡಿ ನೋಡುತ್ತಿದ್ದರು. ಶಾರ್ಙ್ಗಧರ ಸಂಹಿತೆಯು ವಾತದ ನಾಡಿಯನ್ನು ಸರ್ಪದ ನಡೆಗೂ, ಪಿತ್ತದ ನಾಡಿಯನ್ನು ಕಪ್ಪೆಯ ನಡೆಗೂ, ಕಫದ ನಾಡಿಯನ್ನು ಹಂಸದ ನಡೆಗೂ ಹೋಲಿಸಿದೆ. ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ 1707ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಒಂದು ನಿಮಿಷ ನಡೆಯುವ ಗಡಿಯಾರದಿಂದ ನಾಡಿಯನ್ನು ಎಣಿಸುವ ಕ್ರಮವನ್ನು ವಿವರಿಸಿದನು. ಅಲ್ಲಿ ಗತಿಗೆ ಪ್ರಾಧಾನ್ಯ, ಇಲ್ಲಿ ಸಂಖ್ಯೆಗೆ. ಆರೋಗ್ಯವನ್ನರಿಯಲು ಎರಡೂ ಅವಶ್ಯ.

ನಾಡಿ ಎಂದರೇನು?

ಹೃದಯದ ಎಡ ಹೃತ್ಕುಕ್ಷಿಯು ಸಂಕುಚಿಸಿದಾಗ ರಕ್ತವು ಮಹಾಧಮನಿಗೆ ನುಗ್ಗುತ್ತದೆ. ಆ ಒತ್ತಡದ ಅಲೆಯು ಧಮನಿಗಳಲ್ಲಿ ಸಾಗಿ ಮಣಿಕಟ್ಟಿನಲ್ಲಿ ಬೆರಳಿಗೆ ತಾಕುತ್ತದೆ. ಇದೇ ನಾಡಿಮಿಡಿತ. ನಿಮಿಷಕ್ಕೆ 72 ಬಾರಿ ಬಡಿಯುವ ಹೃದಯವು ದಿನವೊಂದಕ್ಕೆ ಒಂದು ಲಕ್ಷಕ್ಕೂ ಮಿಗಿಲಾಗಿ ಬಡಿಯುತ್ತದೆ.

ನೋಡುವ ಕ್ರಮ

ಮೊದಲು ಐದು ನಿಮಿಷ ಸುಮ್ಮನೆ ಕುಳಿತು ವಿಶ್ರಮಿಸಬೇಕು. ಚಹಾ, ಕಾಫಿ ಕುಡಿದ ಕೂಡಲೇ ಅಥವಾ ಮೆಟ್ಟಿಲು ಹತ್ತಿದೊಡನೆ ನೋಡಬಾರದು. ಅಂಗೈಯನ್ನು ಮೇಲ್ಮುಖವಾಗಿರಿಸಿ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಇನ್ನೊಂದು ಕೈಯ ತೋರುಬೆರಳು ಮತ್ತು ನಡುಬೆರಳನ್ನು ಮೃದುವಾಗಿ ಇಡಬೇಕು. ಹೆಬ್ಬೆರಳಿನಿಂದ ನೋಡಿದರೆ ಅದರ ಸ್ವಂತ ಮಿಡಿತವೇ ಲೆಕ್ಕಕ್ಕೆ ಸೇರುವ ಸಂಭವವುಂಟು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ರೂಢಿಯಿದೆಯಾದರೂ, ಲಯ ತಪ್ಪಿದ ನಾಡಿಯಲ್ಲಿ ಆ ಲೆಕ್ಕವೂ ತಪ್ಪುತ್ತದೆ. ಆದ್ದರಿಂದ ಪೂರ್ಣ 60 ಸೆಕೆಂಡು ಎಣಿಸುವುದು ಲೇಸು.

ಸಂಖ್ಯೆ ಹೇಳುವುದೇನು?

ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ನಿಮಿಷಕ್ಕೆ 60ರಿಂದ 100 ಮಿಡಿತಗಳು ಸಹಜ. ಮಕ್ಕಳಲ್ಲಿ ಇದು ಹೆಚ್ಚು. ನಿತ್ಯ ವ್ಯಾಯಾಮದಿಂದ ಪಳಗಿದವರಲ್ಲಿ 60ಕ್ಕಿಂತ ಕಡಿಮೆಯಿರಬಹುದು. ಜ್ವರ, ರಕ್ತಹೀನತೆ, ನಿರ್ಜಲೀಕರಣ, ಆತಂಕ, ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆ ಇವು ನಾಡಿಯನ್ನು ಚುರುಕುಗೊಳಿಸುತ್ತವೆ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಔಷಧಗಳು ನಿಧಾನಗೊಳಿಸುತ್ತವೆ. ಹಾಗೆಂದು ಅವುಗಳನ್ನು ತಾವಾಗಿಯೇ ನಿಲ್ಲಿಸುವುದು ಅಪಾಯಕರ.

ಲಯ ತಪ್ಪಿದಾಗ

ಸಂಖ್ಯೆ ಸರಿಯಿದ್ದೂ ಲಯ ಕೆಟ್ಟಿರಬಹುದು. ಹೃತ್ಕರ್ಣಗಳು ಕ್ರಮವಾಗಿ ಸಂಕುಚಿಸದೆ ಬರಿದೆ ಕಂಪಿಸುವ ಸ್ಥಿತಿಯನ್ನು ವೈದ್ಯರು ‘ಏಟ್ರಿಯಲ್ ಫಿಬ್ರಿಲೇಷನ್’ ಎನ್ನುತ್ತಾರೆ. ಆಗ ಹೃತ್ಕರ್ಣದಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮೆದುಳಿನ ರಕ್ತನಾಳವನ್ನು ಸೇರಿದರೆ ಪಾರ್ಶ್ವವಾಯು, ಅಂದರೆ ಲಕ್ವ, ಹೊಡೆಯುತ್ತದೆ. ವಯಸ್ಸಾದಂತೆ ಹೆಚ್ಚುವ ಈ ತೊಂದರೆ ಅನೇಕರಲ್ಲಿ ಯಾವ ಲಕ್ಷಣವನ್ನೂ ತೋರುವುದಿಲ್ಲ. ಆದರೆ ನಾಡಿ ಹಿಡಿದ ಬೆರಳಿಗೆ ಮಿಡಿತಗಳ ಅಂತರ ಒಂದೇ ಸಮನಾಗಿಲ್ಲವೆಂಬುದು ತಿಳಿಯುತ್ತದೆ. ಎಂದೋ ಒಮ್ಮೆ ಒಂದು ಮಿಡಿತ ತಪ್ಪಿದರೆ ಗಾಬರಿ ಬೇಡ. ಅಂತರವು ಮತ್ತೆ ಮತ್ತೆ ಏರುಪೇರಾದರೆ ಮಾತ್ರ ವೈದ್ಯರನ್ನು ಕಂಡು ಇ.ಸಿ.ಜಿ. ಮಾಡಿಸಲೇಬೇಕು. ರೋಗ ದೃಢಪಟ್ಟಲ್ಲಿ, ಅಗತ್ಯವಿರುವವರಿಗೆ ವೈದ್ಯರು ಕೊಡುವ ಹೆಪ್ಪುನಿರೋಧಕ ಔಷಧವು ಲಕ್ವದ ಅಪಾಯವನ್ನು ಬಹುಮಟ್ಟಿಗೆ ತಗ್ಗಿಸುತ್ತದೆ.

ವಿಶ್ರಾಂತಿಯಲ್ಲೂ ನಾಡಿ ಸದಾ 100ನ್ನು ಮೀರಿದ್ದರೆ, ಅಥವಾ 60ಕ್ಕಿಂತ ಕೆಳಗಿದ್ದು ತಲೆಸುತ್ತು, ಸುಸ್ತು ಇದ್ದರೆ ತಪಾಸಣೆ ಅಗತ್ಯ. ಎದೆನೋವು, ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು ಕಂಡುಬಂದರೆ ನಾಡಿ ಎಣಿಸುತ್ತ ಕೂರದೆ ತಕ್ಷಣ 108ಕ್ಕೆ ಕರೆ ಮಾಡಬೇಕು.

ಮನೆಯಲ್ಲಿ ಅರವತ್ತೈದು ದಾಟಿದ ಹಿರಿಯರಿದ್ದರೆ, ತಿಂಗಳಿಗೊಮ್ಮೆಯಾದರೂ ಅವರ ಬಳಿ ಕುಳಿತು ಕೈ ಹಿಡಿದು ನಾಡಿ ನೋಡಿರಿ. ಒಂದು ನಿಮಿಷದ ಈ ಕೆಲಸಕ್ಕೆ ಖರ್ಚಿಲ್ಲ. ಅದು ಅವರ ಮಾತನ್ನೂ ನಡೆಯನ್ನೂ ಉಳಿಸಬಲ್ಲದು.