ಹಳೆ ಮನೆ ರಿಪೇರಿ: ಅರ್ಧ ಕೆಲಸದಲ್ಲಿ ಹುಟ್ಟುವ ಸಂಶಯಕ್ಕೆ ಏನು ಮಾಡಬೇಕು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಹಳೆ ಮನೆ ರಿಪೇರಿ ಮಾಡಿಸುವ ಕಷ್ಟ ಅವರ ಲೆಕ್ಕಕ್ಕೆ ಬಂದಿರಲಿಲ್ಲವೋ ಏನೋ. ಹೊಸ ಮನೆಗೆ ಕೈಯಲ್ಲೊಂದು ನಕ್ಷೆಯಾದರೂ ಇರುತ್ತದೆ. ಹಳೆ ಮನೆಯಲ್ಲಿ ಗಾರೆ ಕಿತ್ತ ಮೇಲೆ, ಹಂಚು ಇಳಿಸಿದ ಮೇಲೆಯೇ ಒಳಗಿನ ಸ್ಥಿತಿ ತಿಳಿಯುವುದು.

ದೀಪಾವಳಿ ಕಳೆದು ಮಳೆ ದೂರವಾಗುತ್ತಿದ್ದಂತೆ ಕಾಸರಗೋಡಿನ ನಮ್ಮ ಕಡೆ, ಮಂಜೇಶ್ವರದಿಂದ ಮುಳ್ಳೇರಿಯದ ತನಕ, ಇಂತಹ ಕೆಲಸಗಳು ಶುರುವಾಗುತ್ತವೆ. ಕೆಲಸದ ಜೊತೆಗೇ ಸಂಶಯಗಳೂ ಬರುತ್ತವೆ. ಹಂಚು ತೆಗೆದು ಸ್ಲ್ಯಾಬ್ ಹಾಕಿಸುವುದೇ ಒಳ್ಳೆಯದಿತ್ತೇ? ಕಾವಿ ನೆಲ ಒಡೆದದ್ದು ಸರಿಯೇ? ಈ ಟೈಲ್ಸ್ ಜಾರುವುದಿಲ್ಲವೇ? ಮಂಗಳೂರಿನಿಂದ ಬಂದ ಭಾವ ಒಂದು ಹೇಳುತ್ತಾರೆ, ಗಲ್ಫಿನಲ್ಲಿರುವ ಮಗ ಮೊಬೈಲಿಗೆ ಚಿತ್ರ ಕಳುಹಿಸಿ ಇನ್ನೊಂದು ಹೇಳುತ್ತಾನೆ, ಮೇಸ್ತ್ರಿಯದ್ದು ಮೂರನೆಯ ಮಾತು. ಹಣ ಕೊಡಬೇಕಾದ ಯಜಮಾನನಿಗೆ ರಾತ್ರಿ ನಿದ್ದೆ ಇಲ್ಲ.

ಸಂಶಯ ಬರುವುದು ಸಹಜ, ಅದರಿಂದ ಉಪಯೋಗವೂ ಇದೆ. ಆದರೆ ಎಲ್ಲ ಸಂಶಯಗಳ ತೂಕ ಒಂದೇ ಅಲ್ಲ. ಗೋಡೆಯ ಬಣ್ಣ ಹಿಡಿಸದಿದ್ದರೆ ಎರಡು ದಿನದಲ್ಲಿ ಬದಲಿಸಬಹುದು. ಸ್ಲ್ಯಾಬಿನ ಭಾರ ಹೊತ್ತ ಗೋಡೆ ಬಿರುಕು ಬಿಟ್ಟರೆ ಬದಲಿಸಲು ಏನೂ ಉಳಿಯುವುದಿಲ್ಲ. ಆದ್ದರಿಂದ ಭಾರ, ನೀರು ಮತ್ತು ಕರೆಂಟಿಗೆ ಸಂಬಂಧಿಸಿದ ಸಂಶಯಗಳನ್ನು ಕೆಲಸ ನಿಲ್ಲಿಸಿಯಾದರೂ ಬಗೆಹರಿಸಿಕೊಳ್ಳಬೇಕು. ನೋಟಕ್ಕೆ ಸಂಬಂಧಿಸಿದ್ದು ಕೊನೆಗೆ ಬರಲಿ. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಇದರ ತಿರುಗುಮುರುಗು. ಟೈಲ್ಸಿನ ಬಣ್ಣಕ್ಕೆ ಮೂರು ಅಂಗಡಿ ಸುತ್ತುತ್ತೇವೆ, ಪಂಚಾಂಗ ಎಷ್ಟು ಆಳಕ್ಕಿದೆ ಎಂದು ಒಂದು ಗುಂಡಿ ತೋಡಿ ನೋಡುವುದಿಲ್ಲ.

ಮಾಡು: ಹಂಚೋ ಸ್ಲ್ಯಾಬೋ?

ಬಾಸೆಲ್ ಮಿಷನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ನಂತರ ಮುಳಿಹುಲ್ಲಿನ ಮಾಡುಗಳ ಜಾಗಕ್ಕೆ ನಿಧಾನವಾಗಿ ಹಂಚು ಬಂತು. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಇಳಿಜಾರಾದ ಮಾಡು ಈ ನೀರನ್ನು ನಿಲ್ಲಗೊಡದೆ ಇಳಿಸುತ್ತದೆ. ಗೋಡೆಯಿಂದ ಎರಡು ಮೂರು ಅಡಿ ಹೊರಗೆ ಚಾಚಿದ ಸೂರು ಗೋಡೆಗೆ ಕೊಡೆಯಂತೆ ಕೆಲಸ ಮಾಡುತ್ತದೆ. ಅದನ್ನು ತೆಗೆದು ಚಪ್ಪಟೆ ಸ್ಲ್ಯಾಬ್ ಹಾಕಿ, ಸನ್‌ಶೇಡನ್ನು ಕಿಟಕಿಯ ಮೇಲೆ ಮಾತ್ರ ಬಿಟ್ಟರೆ ಪಡುವಣ ಗಾಳಿಮಳೆ ನೇರವಾಗಿ ಗೋಡೆಗೆ ಹೊಡೆಯುತ್ತದೆ. ಇದುವರೆಗೆ ಒಣಗಿದ್ದ ಗೋಡೆ ಹಸಿಯಾಗುವುದು ಆಗಲೇ.

ಭಾರದ ಲೆಕ್ಕ ಇದಕ್ಕಿಂತ ಮುಖ್ಯ. ಕಬ್ಬಿಣ ಹಾಕಿದ ಕಾಂಕ್ರೀಟ್ ಒಂದು ಘನ ಮೀಟರಿಗೆ ಸುಮಾರು 2500 ಕಿಲೋ ತೂಗುತ್ತದೆ. 1000 ಚದರ ಅಡಿಗೆ ನಾಲ್ಕು ಇಂಚು ದಪ್ಪದ ಸ್ಲ್ಯಾಬ್ ಹಾಕಿದರೆ ತೂಕ 23 ಟನ್ ದಾಟುತ್ತದೆ. ಅಷ್ಟೇ ಜಾಗದ ಹಂಚಿನ ಮಾಡು, ಪಕ್ಕಾಸು ರೀಪು ಸೇರಿದರೂ, ಸಾಮಾನ್ಯವಾಗಿ ಅದರ ಮೂರನೇ ಒಂದು ಪಾಲನ್ನು ಮುಟ್ಟುವುದಿಲ್ಲ. ಅಜ್ಜನ ಕಾಲದಲ್ಲಿ ಮಣ್ಣು ಮೆತ್ತಿ ಕಟ್ಟಿದ ಕೆಂಪುಕಲ್ಲಿನ ಗೋಡೆ ಹಂಚಿನ ಭಾರಕ್ಕೆಂದೇ ಕಟ್ಟಿದ್ದು. ಪಂಚಾಂಗ, ಗೋಡೆ ಎರಡನ್ನೂ ಇಂಜಿನಿಯರ್ ಒಬ್ಬರು ಬಂದು ನೋಡದೆ ಅದರ ಮೇಲೆ ಸ್ಲ್ಯಾಬ್ ಏರಿಸಬಾರದು. ಮೇಸ್ತ್ರಿ ಎಷ್ಟೇ ಅನುಭವಸ್ಥನಾದರೂ ಈ ಒಂದು ವಿಷಯದಲ್ಲಿ ಎರಡನೆಯ ಅಭಿಪ್ರಾಯ ಬೇಕೇ ಬೇಕು. ಇಂಜಿನಿಯರಿಗೆ ಕೊಡುವ ಹಣ ಒಟ್ಟು ಖರ್ಚಿನಲ್ಲಿ ದೊಡ್ಡದಲ್ಲ.

ಅಡಿಕೆ ಒಣಗಿಸಲು ತಾರಸಿ ಬೇಕು ಎನ್ನುವ ಕೃಷಿಕರ ಮಾತಿನಲ್ಲಿ ನ್ಯಾಯವಿದೆ. ಹಣ್ಣಡಿಕೆ ಸಿಪ್ಪೆ ಸಮೇತ ಒಣಗಲು ಸುಮಾರು ಒಂದೂವರೆ ತಿಂಗಳ ಬಿಸಿಲು ಬೇಕು. ಆದರೆ ಅದಕ್ಕಾಗಿ ಇಡೀ ಹಳೆ ಮನೆಯ ಮಾಡು ತೆಗೆಯುವ ಬದಲು, ಹೊಸದಾಗಿ ಕಟ್ಟುವ ಅಡಿಗೆ ಕೋಣೆ ಅಥವಾ ವರ್ಕ್ ಏರಿಯಾದ ಮೇಲೆ ಮಾತ್ರ ತಾರಸಿ ಹಾಕಿಸಬಹುದು. ಅಂಗಳದಲ್ಲಿ ಪಾರದರ್ಶಕ ಶೀಟಿನ ಒಣಗು ಮನೆ ಮಾಡಿಸುವವರೂ ಇದ್ದಾರೆ. ಸ್ಲ್ಯಾಬ್ ಹಾಕಿ, ಕೆಲವು ಮಳೆಗಾಲ ಕಳೆದು ಸೋರತೊಡಗಿದಾಗ ಅದರ ಮೇಲೆ ತಗಡಿನ ಶೀಟು ಹೊದಿಸಿದ ಮನೆಗಳು ಊರೂರಲ್ಲಿ ಕಾಣುತ್ತವೆ. ಒಂದೇ ಮನೆಗೆ ಎರಡು ಮಾಡು, ಎರಡು ಖರ್ಚು.

ಪಕ್ಕಾಸಿಗೆ ಗೆದ್ದಲು ಹಿಡಿದಿದ್ದರೆ ಮರದ ಬದಲು ಕಬ್ಬಿಣದ ಪೈಪ್ ಹಾಕಿ, ಗಟ್ಟಿ ಇರುವ ಹಳೆ ಹಂಚುಗಳನ್ನೇ ತೊಳೆದು ಮತ್ತೆ ಹೊದಿಸಬಹುದು. ಪೈಪ್ ಉಳಿಸಲೆಂದು ಇಳಿಜಾರನ್ನು ಕಡಿಮೆ ಮಾಡಲು ಮಾತ್ರ ಒಪ್ಪಬೇಡಿ. ಇಳಿಜಾರು ಕಡಿಮೆಯಾದರೆ ಗಾಳಿಮಳೆಯ ನೀರು ಹಂಚಿನ ಸಂದಿಯಿಂದ ಒಳಗೆ ಬರುತ್ತದೆ.

ಗೋಡೆ: ಪುಟ್ಟಿ ಹಾಕಲು ಅವಸರ ಬೇಡ

ನಮ್ಮ ಕೆಂಪುಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವರು ಫ್ರಾನ್ಸಿಸ್ ಬುಕಾನನ್. ಮಲಬಾರಿನ ಅಂಗಾಡಿಪುರಂನಲ್ಲಿ ಈ ಕಲ್ಲನ್ನು ಕಂಡು, ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ ಎಂದು 1807ರಲ್ಲಿ ಪ್ರಕಟವಾದ ತಮ್ಮ ಪ್ರವಾಸ ಗ್ರಂಥದಲ್ಲಿ ಬರೆದರು. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದದ ಮೂಲಕ್ಕೆ ಇಟ್ಟಿಗೆ ಎಂದೇ ಅರ್ಥ.

ಈ ಕಲ್ಲಿನಲ್ಲಿ ಸಣ್ಣ ತೂತುಗಳು ಹೇರಳ. ಮಳೆಗಾಲದಲ್ಲಿ ನೀರು ಹೀರುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಹಳೆಯ ಸುಣ್ಣದ ಗಾರೆಯ ಮೂಲಕ ಈ ತೇವ ಹೊರಗೆ ಹೋಗುತ್ತಿತ್ತು. ಅದನ್ನು ಕಿತ್ತು ಸಿಮೆಂಟ್ ಗಾರೆ, ಮೇಲೆ ಪುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿದರೆ ತೇವ ಒಳಗೇ ಉಳಿದು ಬಣ್ಣ ಗುಳ್ಳೆ ಎದ್ದು ಉದುರುತ್ತದೆ. ಜನ ಬಣ್ಣದ ಕಂಪೆನಿಯನ್ನು ಬೈಯುತ್ತಾರೆ. ದೋಷ ಹೆಚ್ಚಾಗಿ ಗೋಡೆಯ ತೇವದ್ದು.

ಪರೀಕ್ಷೆ ಸುಲಭ. ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿಗೆ ಟೇಪ್ ಅಂಟಿಸಿ ಗೋಡೆಯ ಮೇಲೆ ಒಂದು ದಿನ ಬಿಡಿ. ಒಳಬದಿಯಲ್ಲಿ ನೀರಹನಿ ಕಂಡರೆ ಬಣ್ಣಕ್ಕೆ ಇನ್ನೂ ಸಮಯವಾಗಿಲ್ಲ. ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ಹುಡುಕಿ. ಸೂರಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದೆಯೇ, ಅಂಗಳದ ಮಣ್ಣು ಜಗಲಿಯ ಮಟ್ಟಕ್ಕೆ ಏರಿದೆಯೇ, ಬಚ್ಚಲಿನ ಪೈಪ್ ಸೋರುತ್ತಿದೆಯೇ ನೋಡಬೇಕು.

ನೆಲ: ಅಂಗಡಿಯ ಬೆಳಕು ಮನೆಯಲ್ಲಿಲ್ಲ

ಮನೆಗಳಲ್ಲಿ ಜಗಳಕ್ಕೆ ಹೆಚ್ಚು ಕಾರಣವಾಗುವುದು ಟೈಲ್ಸ್. ಅಂಗಡಿಯಲ್ಲಿ ಹತ್ತಾರು ಲೈಟುಗಳ ಕೆಳಗೆ ಹೊಳೆದದ್ದು ಹಂಚಿನ ಮನೆಯ ಚಾವಡಿಗೆ ಬಂದಾಗ ಮಂಕಾಗಿ ಕಾಣುತ್ತದೆ. ನಾಲ್ಕು ಟೈಲ್ಸ್ ಮೊದಲೇ ತಂದು, ಹಾಕಬೇಕಾದ ಕೋಣೆಯಲ್ಲೇ ನೆಲದ ಮೇಲಿಟ್ಟು ಬೆಳಿಗ್ಗೆ, ಸಂಜೆ, ರಾತ್ರಿ ನೋಡಿ. ನೀರು ಚೆಲ್ಲಿ ಬರಿಗಾಲಲ್ಲಿ ನಿಂತು ನೋಡಿ. ಮನೆಯಲ್ಲಿ ಅಜ್ಜಿ ಇದ್ದರೆ ಅವರಿಂದಲೂ ಅಭಿಪ್ರಾಯ ಕೇಳಿ. ಜಾರಿ ಬಿದ್ದು ಸೊಂಟ ಮುರಿಯುವುದು ಈ ವಯಸ್ಸಿನವರಿಗೇ. ಬಚ್ಚಲು, ಜಗಲಿ, ಸಿಟ್‌ಔಟಿಗೆ ಹೊಳಪಿಲ್ಲದ ಒರಟು ಟೈಲ್ಸೇ ಬೇಕು. ಗೋಡೆಯ ಟೈಲ್ಸನ್ನು ಕಡಿಮೆಗೆ ಸಿಗುತ್ತದೆಂದು ನೆಲಕ್ಕೆ ಹಾಕಬಾರದು. ಅದು ನೀರು ಹೀರುತ್ತದೆ, ಭಾರವನ್ನೂ ತಾಳುವುದಿಲ್ಲ.

ಲೆಕ್ಕಕ್ಕಿಂತ ನೂರಕ್ಕೆ ಐದರಿಂದ ಹತ್ತರಷ್ಟು ಹೆಚ್ಚು ತರಬೇಕು. ಪೆಟ್ಟಿಗೆಯ ಮೇಲಿನ ಬ್ಯಾಚ್ ನಂಬರ್ ಎಲ್ಲದರಲ್ಲೂ ಒಂದೇ ಇರಲಿ. ಅದೇ ಹೆಸರಿನ ಟೈಲ್ಸ್ ಬೇರೆ ಬ್ಯಾಚಿನದ್ದಾದರೆ ಬಣ್ಣದಲ್ಲಿ ವ್ಯತ್ಯಾಸ ಬರುತ್ತದೆ.

ಕಾವಿ ನೆಲ ಒಡೆಯಲು ಹೊರಟವರು ಒಮ್ಮೆ ಯೋಚಿಸಬೇಕು. ಬಿರುಕು ಎರಡು ಕಡೆ ಮಾತ್ರ ಇದ್ದರೆ ಅಷ್ಟನ್ನೇ ಸರಿಪಡಿಸಬಹುದು. ತೇಪೆಯ ಬಣ್ಣ ಸ್ವಲ್ಪ ಬೇರೆ ಕಾಣುತ್ತದೆ, ಅಷ್ಟೆ. ಆದರೆ ನೆಲವೇ ಕುಸಿದಿದ್ದರೆ ಹಳೆಯದರ ಮೇಲಿನ ಮೋಹಕ್ಕೆ ಅರ್ಥವಿಲ್ಲ. ಅಡಿಯ ಮಣ್ಣು ಗಟ್ಟಿ ಮಾಡಿಯೇ ಹೊಸದು ಹಾಕಬೇಕು.

ಮರ ಮತ್ತು ಕರೆಂಟು

ಹಳೆ ಮನೆಯ ಬಾಗಿಲು, ತೊಲೆಗಳನ್ನು ಗುಜರಿ ಲೆಕ್ಕದಲ್ಲಿ ಕೊಟ್ಟು, ಆಮೇಲೆ ಹೊಸ ಮರದ ಬೆಲೆ ಕೇಳಿ ಕೊರಗುವವರು ಬಹಳ. ಹಲಸು, ಕಿರಾಲುಬೋಗಿ, ತೇಗದ ಹಳೆ ಮರ ಒಳಗೆ ಗಟ್ಟಿಯಾಗಿದ್ದರೆ ಅದನ್ನೇ ಸೀಳಿಸಿ ಹೊಸ ಬಾಗಿಲು ಮಾಡಿಸಬಹುದು. ಕೊಡುವ ಮೊದಲು ಆಚಾರಿಯೊಬ್ಬರನ್ನು ಕರೆಸಿ ತೋರಿಸಿ. ಅಡಿಗೆ ಕೋಣೆಯ ಕಪಾಟಿಗೆ ಪ್ಲೈವುಡ್ ತರುವುದಾದರೆ ಹಾಳೆಯ ಮೇಲೆ ಐಎಸ್ 710 ಎಂಬ ಗುರುತು ನೋಡಿ. ಇದು ನೀರು ತಾಳುವ ದರ್ಜೆ. ಐಎಸ್ 303 ಗುರುತಿನ ಅಗ್ಗದ ದರ್ಜೆಯದ್ದು ತೇವವನ್ನಷ್ಟೇ ತಾಳುತ್ತದೆ. ನೀರು ತಾಗುವ ಸಿಂಕಿನ ಕೆಳಗೆ ಅದು ಬಾಳುವುದು ಕಷ್ಟ.

ವೈರಿಂಗ್ ಕೆಲಸ ಗಾರೆಗೆ ಮೊದಲೇ ಮುಗಿಯಬೇಕು. ಫ್ರಿಜ್, ಮಿಕ್ಸಿ, ವಾಷಿಂಗ್ ಮೆಷಿನ್, ಇನ್ವರ್ಟರ್ ಎಲ್ಲಿ ಎಂದು ಗೋಡೆಯ ಮೇಲೆ ಇದ್ದಲಿನಿಂದ ಗುರುತು ಹಾಕಿ, ಮನೆಯವರೆಲ್ಲ ಒಂದು ದಿನ ಓಡಾಡಿ ನೋಡಲಿ. ದೀಪಗಳಿಗೆ 1.5, ಪ್ಲಗ್ಗುಗಳಿಗೆ 2.5, ಗೀಸರ್ ಮತ್ತು ಎಸಿಗೆ 4 ಚದರ ಮಿಲಿಮೀಟರ್ ವೈರ್ ಎಂಬುದು ಸಾಮಾನ್ಯ ಲೆಕ್ಕ. ಮಣ್ಣಿಗೆ ಕರೆಂಟ್ ಸೋರಿದರೆ ತಕ್ಷಣ ಕಡಿತಗೊಳಿಸುವ 30 ಮಿಲಿಆಂಪಿಯರಿನ ಬ್ರೇಕರ್ ಮತ್ತು ಸರಿಯಾದ ಅರ್ತಿಂಗ್ ಇಲ್ಲದೆ ಕೆಲಸ ಮುಗಿಯಿತು ಎನ್ನಬೇಡಿ.

ಬದಲಿಸುವ ಮೊದಲು ಮೂರು ಪ್ರಶ್ನೆ

ಕೆಲಸದ ಮಧ್ಯೆ ಮನಸ್ಸು ಬದಲಾದರೆ ಅಂದೇ ಮೇಸ್ತ್ರಿಗೆ ಹೇಳದೆ ಒಂದು ರಾತ್ರಿ ಬಿಟ್ಟು ಮೂರು ಪ್ರಶ್ನೆ ಕೇಳಿಕೊಳ್ಳಿ. ಈಗ ಮಾಡಿದ್ದರಿಂದ ಮನೆಗೆ ಅಥವಾ ಮನೆಯವರಿಗೆ ಅಪಾಯವಿದೆಯೇ? ಇದೆ ಎಂದಾದರೆ ಎಷ್ಟು ಖರ್ಚಾದರೂ ಬದಲಿಸಿ. ಐದು ವರ್ಷದ ನಂತರ ಬದಲಿಸಲು ಸಾಧ್ಯವೇ? ಸಾಧ್ಯವೆಂದಾದರೆ ಈಗ ಬಿಡಿ. ಬದಲಿಸಬೇಕೆಂದು ಅನಿಸಿದ್ದು ಮನೆಯ ಅಗತ್ಯಕ್ಕೋ, ಪಕ್ಕದ ಹೊಸ ಮನೆ ನೋಡಿ ಬಂದದ್ದಕ್ಕೋ? ಇದಕ್ಕೆ ಉತ್ತರ ನಿಮಗೇ ಗೊತ್ತಿರುತ್ತದೆ.

ಬದಲಾವಣೆ ಮಾಡಿಸುವುದೇ ಆದರೆ ಬರೆದಿಡಿ. ನಮ್ಮಲ್ಲಿ ಯಜಮಾನ ಕನ್ನಡ ಅಥವಾ ತುಳು, ಮೇಸ್ತ್ರಿ ಮಲೆಯಾಳ, ಕೆಲಸದವರು ಹಿಂದಿ ಮಾತನಾಡುವುದು ಸಾಮಾನ್ಯ. ನಾವು ಸ್ಲ್ಯಾಬ್ ಎಂದದ್ದು ಅವರಿಗೆ ವಾರ್ಪ್. ನಾವು ಅಡಿಯಲ್ಲಿ ಹೇಳಿದ್ದನ್ನು ಹಳೆಯ ಆಚಾರಿ ಕೋಲಿನಲ್ಲಿ ಲೆಕ್ಕ ಹಾಕುತ್ತಾರೆ, ಒಂದು ಕೋಲು ಎಂದರೆ 72 ಸೆಂಟಿಮೀಟರ್. ಬಾಯಿಮಾತಿನಲ್ಲಿ ಹೇಳಿದ ಬದಲಾವಣೆ ಲೆಕ್ಕ ಮುಗಿಸುವ ದಿನ ಜಗಳಕ್ಕೆ ಕಾರಣವಾಗುತ್ತದೆ. ಒಂದು ನೋಟ್ ಪುಸ್ತಕದಲ್ಲಿ ತಾರೀಕು, ಅಳತೆ, ಸಾಮಾನು, ಹೆಚ್ಚುವರಿ ಮಜೂರಿ ಬರೆದು ಇಬ್ಬರೂ ಸಹಿ ಹಾಕಿದರೆ ಸಾಕು. ಕೋಣೆ ಸೇರಿಸುವುದು, ಮಹಡಿ ಏರಿಸುವುದಿದ್ದರೆ 2019ರ ಕೇರಳ ಪಂಚಾಯತ್ ಕಟ್ಟಡ ನಿಯಮಗಳಂತೆ ಅನುಮತಿ ಬೇಕು. ಮಾಡಿನ ಸ್ವರೂಪವನ್ನೇ ಬದಲಿಸುವವರೂ ಮೊದಲು ಪಂಚಾಯತಿನಲ್ಲಿ ವಿಚಾರಿಸುವುದು ಒಳ್ಳೆಯದು.

ಈ ಬೇಸಿಗೆಯಲ್ಲಿ ಕೆಲಸಕ್ಕೆ ಇಳಿಯುವವರು ಮಾಡು, ನೀರು ಹೋಗುವ ದಾರಿ, ವೈರಿಂಗ್ ಈ ಮೂರನ್ನು ಮೇ ತಿಂಗಳೊಳಗೆ ಮುಗಿಸಿಕೊಳ್ಳಿ. ಕೈಯಲ್ಲಿರುವ ಹಣ ಮೊದಲು ಅಲ್ಲಿಗೆ ಹೋಗಲಿ. ಒಂದು ಮಳೆಗಾಲ ಕಳೆಯಲಿ, ಗೋಡೆ ಎಲ್ಲಿ ಒದ್ದೆಯಾಗುತ್ತದೆ, ಎಲ್ಲಿ ಒಣಗಿರುತ್ತದೆ ಎಂದು ತಿಳಿಯುತ್ತದೆ. ಬಣ್ಣ ಯಾವುದು ಎಂಬ ಚರ್ಚೆಯನ್ನು ಮುಂದಿನ ದೀಪಾವಳಿಗೆ ಇಟ್ಟುಕೊಂಡರೆ ನಷ್ಟವೇನಿಲ್ಲ.